ಹದಿನೇಳನೆಯ ಸೆಕೆಂಡು

ಸೋಮವಾರ ಬೆಳಿಗ್ಗೆ ಆರೂವರೆಗೆ ಗಡಿಯಾರದವರು ಎಂದಿನಂತೆ ಕೈಕಾಲು ತೊಳೆದು, ಕನ್ನಡಕ ಒರೆಸಿಕೊಂಡು, ಕಂಪ್ಯೂಟರಿನ ಮುಂದೆ ಕುಳಿತು ಎಂಟರ್ ಕೀ ಒತ್ತಿದರು. ಹೆಂಡತಿ ಮಾತಾಡಲಿಲ್ಲ.

ಆಕೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಆದರೆ ಹೀಗೆ ಸುಮ್ಮನಿದ್ದದ್ದು ಇದೇ ಮೊದಲು.

ಅವರು ಇನ್ನೊಮ್ಮೆ ಒತ್ತಿದರು. ಪರದೆಯ ಮೇಲೆ ಎರಡು ಎಂಬ ಅಂಕಿ ಬಂತು. ಮತ್ತೆ ಒತ್ತಿದರು, ಮೂರು ಬಂತು. ಸಾಲುಗಳು ಒಂದೊಂದಾಗಿ ಸರಿಯುತ್ತಿದ್ದವು, ದನಿ ಮಾತ್ರ ಇರಲಿಲ್ಲ. ಇಪ್ಪತ್ತೊಂದರವರೆಗೂ ಒತ್ತಿ ನೋಡಿ, ಕೈ ಮುಗಿದು, ಎದ್ದು ಹೋಗಿ ಮುಂದಿನ ಕೋಣೆಯಲ್ಲಿದ್ದ ಗಡಿಯಾರ ರಿಪೇರಿಯ ಅಂಗಡಿಯ ಬಾಗಿಲು ತೆಗೆದರು. ಅಂದು ಪ್ರಾರ್ಥನೆ ಆಗಲಿಲ್ಲ.

ವಿಷಯ ಹೀಗಿತ್ತು. ಮದುವೆಯಾದ ಹೊಸದರಲ್ಲಿ ಗಂಡಹೆಂಡತಿ ಸೇರಿ ಒಂದು ಪ್ರಾರ್ಥನೆ ಕಟ್ಟಿಕೊಂಡಿದ್ದರು. ಇಪ್ಪತ್ತೊಂದು ಸಾಲು. ಪ್ರತಿ ಸಾಲಿನ ಮೊದಲ ಅರ್ಧ ಆಕೆಯದು, ಉಳಿದ ಅರ್ಧ ಇವರದು. ‘ಕಣ್ಣು ತೆರೆಸಿದವನು ನೀನು’ ಎಂದು ಆಕೆ ಅಂದರೆ ‘ಕಾಣಬೇಕಾದ್ದನ್ನು ಕಾಣಿಸು’ ಎಂದು ಇವರು ಅನ್ನಬೇಕು. ‘ಕೈಗೆ ಕೆಲಸ ಕೊಟ್ಟವನು ನೀನು’ ಅಂದರೆ ‘ಕೆಲಸ ಕೆಡದ ಹಾಗೆ ನೋಡಿಕೋ’ ಎನ್ನಬೇಕು. ಮೂವತ್ತೆಂಟು ವರ್ಷ ಹೀಗೆ ನಡೆಯಿತು. ಜಗಳವಾಡಿ ಮಾತು ಬಿಟ್ಟ ದಿನವೂ ನಡೆಯಿತು. ಅಂಥ ದಿನ ಇಬ್ಬರೂ ದೇವರ ಜೊತೆ ಮಾತ್ರ ಮಾತಾಡುತ್ತಿದ್ದರು, ಪಾಲು ಮಾಡಿಕೊಂಡು.

ಇಷ್ಟು ವರ್ಷವಾದರೂ ಗಡಿಯಾರದವರಿಗೆ ಆಕೆಯ ಅರ್ಧ ಬಾಯಿಗೆ ಬಂದಿರಲಿಲ್ಲ. ದಿನಾ ಬಸ್ಸಿನಲ್ಲಿ ಕೂತು ಹೋಗಿಬರುವವನಿಗೆ ಬಸ್ಸು ಓಡಿಸಲು ಬರುವುದಿಲ್ಲ, ಹಾಗೆ. ಆಕೆಯ ಸಾಲು ಕಿವಿಗೆ ಬಿದ್ದರೆ ತಮ್ಮ ಸಾಲು ತಾನಾಗಿ ನಾಲಿಗೆಗೆ ಬರುತ್ತಿತ್ತು, ಬೀಳದಿದ್ದರೆ ಇಲ್ಲ. ಇದು ಆಕೆಗೆ ಗೊತ್ತಿತ್ತು. ಇನ್ನು ನಾಲ್ಕು ತಿಂಗಳು ಎಂದು ಡಾಕ್ಟರು ಹೇಳಿದ ಮೇಲೆ ಆಕೆ ಅಳುವುದರಲ್ಲಿ ಹೊತ್ತು ಕಳೆಯಲಿಲ್ಲ. ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡಿದ್ದವಳು. ಅಲ್ಲಿ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರನ್ನು ಕಾಯಿಲೆಗೆ ಮುಂಚೆಯೇ ಮನೆಗೆ ತಂದು, ಅದಕ್ಕೆ ಲಿನಕ್ಸ್ ಹಾಕಿ, ಪುಸ್ತಕ ನೋಡಿಕೊಂಡು ತಾನೇ ಕಲಿತಿದ್ದಳು. ತನ್ನ ಇಪ್ಪತ್ತೊಂದು ಅರ್ಧಗಳನ್ನೂ ಅದರೊಳಗೆ ಹೇಳಿ ಇಟ್ಟಳು. ಬರಿದೆ ಹೇಳಿ ಇಡಲಿಲ್ಲ. ಒಂದು ಸಾಲು ಹೇಳಿದ ಮೇಲೆ ಕಂಪ್ಯೂಟರು ನಿಲ್ಲುತ್ತಿತ್ತು. ಇವರು ತಮ್ಮ ಅರ್ಧ ಹೇಳಿ ಎಂಟರ್ ಒತ್ತಿದ ಮೇಲೇ ಮುಂದಿನ ಸಾಲು. ಗಡಿಯಾರದವರಿಗೆ ಕೆಲವು ದಿನ ಕೆಮ್ಮು ಬರುತ್ತಿತ್ತು, ಕೆಲವು ದಿನ ಆಕಳಿಕೆ ಬರುತ್ತಿತ್ತು. ಎಷ್ಟು ಹೊತ್ತಾದರೂ ಆಕೆ ಕಾಯುತ್ತಿದ್ದಳು. ಬದುಕಿದ್ದಾಗ ಅಷ್ಟು ಕಾದವಳಲ್ಲ.

ಮಂಗಳವಾರವೂ ಅದೇ ಕಥೆಯಾದಾಗ ಅವರು ನಾದಿನಿಗೆ ಫೋನ್ ಮಾಡಿದರು. ಹೆಂಡತಿಯ ತಂಗಿ, ಅರವತ್ತೆರಡು ವಯಸ್ಸಾದರೂ ಮನೆಯವರಿಗೆಲ್ಲ ಇನ್ನೂ ಪುಟ್ಟಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಕಿವಿ ಮಂದವಾಗಿತ್ತು, ಅದಕ್ಕೆ ತಕ್ಕ ಹಾಗೆ ದನಿ ಜೋರಾಗಿತ್ತು. ಮನೆ ಎರಡು ಬೀದಿ ಆಚೆ. ಪುಟ್ಟಿ ಫೋನಿಗೆ ದುಡ್ಡು ಯಾಕೆ ಹಾಕುತ್ತಾಳೆ, ಕಿಟಕಿ ತೆಗೆದರೆ ಸಾಕಲ್ಲ ಎಂದು ಅಕ್ಕ ಹೇಳುವುದಿತ್ತು. ಕಂಪ್ಯೂಟರಿನ ಬಗ್ಗೆ ನಾಲ್ಕಕ್ಷರ ಬಲ್ಲವಳು ಈಗ ಅವಳೊಬ್ಬಳೇ. ಅದೂ ಅಕ್ಕನ ಪಕ್ಕದಲ್ಲಿ ಕೂತು ಕಲಿತದ್ದು.

“ಅಕ್ಕ ಮಾತಾಡ್ತಿಲ್ವಾ ಭಾವ?” ಎನ್ನುತ್ತಲೇ ಒಳಗೆ ಬಂದಳು.

“ನಿನ್ನೆಯಿಂದ.”

“ಏನು ಮಾಡಿದ್ರಿ?”

“ನಾನೇನೂ ಮಾಡಲಿಲ್ಲ.”

“ಎಲ್ಲಾ ಗಂಡಸರೂ ಹಂಗೇ ಅನ್ನೋದು. ಏನಾದ್ರೂ ಮುಟ್ಟಬಾರದ್ದು ಮುಟ್ಟಿದ್ರಾ?”

“ಎಂಟರ್ ಮುಟ್ಟೋದು. ಆಮೇಲೆ ಗೋಡೆ ಸ್ವಿಚ್ಚು ಆರಿಸೋದು. ಅಷ್ಟೇ.”

ಗೋಡೆಯ ಸ್ವಿಚ್ಚು ಆರಿಸುವುದು ಅವರ ಹಳೆಯ ಅಭ್ಯಾಸ. ಅಂಗಡಿಯಲ್ಲಾದರೂ ಮನೆಯಲ್ಲಾದರೂ ಕೆಲಸ ಮುಗಿದ ಮೇಲೆ ಯಾವುದಕ್ಕೂ ಕರೆಂಟು ಉಳಿಸುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಪ್ರಾರ್ಥನೆ ಮುಗಿಸಿ ಕಂಪ್ಯೂಟರನ್ನು ಮಲಗಿಸಿದರೆ ಅದು ಮಾರನೆಯ ಬೆಳಿಗ್ಗೆಯವರೆಗೆ ಕಬ್ಬಿಣದ ಪೆಟ್ಟಿಗೆ. ಇಂಟರ್ನೆಟ್ಟನ್ನೂ ಆಕೆ ತೀರಿಕೊಂಡ ತಿಂಗಳೇ ತೆಗೆಸಿದ್ದರು. ಅವರಿಗೆ ಬೇಕಾದವಳು ಅದರಲ್ಲಿ ಇರಲಿಲ್ಲ.

ಆಕೆ ಬಿಟ್ಟುಹೋದ ಒಂದು ನೋಟ್‌ಬುಕ್ ಇತ್ತು. ಲೈಬ್ರರಿಯವರ ಅಕ್ಷರ, ದುಂಡಗೆ, ಸಾಲು ಬಿಟ್ಟು ಸಾಲು. ‘ಶಬ್ದ ಬಾರದಿದ್ದರೆ’ ಎಂಬ ಪುಟವನ್ನು ನಾದಿನಿ ಗಟ್ಟಿಯಾಗಿ ಓದಿದಳು.

“ಮೊದಲು ಸ್ಪೀಕರಿನ ಸ್ವಿಚ್ಚು ನೋಡಿ. ಪುಟ್ಟಿ ಧೂಳು ಒರೆಸುವಾಗ ಆರಿಸಿರುತ್ತಾಳೆ.” ಅವಳು ತಲೆಯೆತ್ತಿದಳು. “ನೋಡಿ, ಮೊದಲನೇ ಸಾಲಲ್ಲೇ ನಾನು.”

ಸ್ವಿಚ್ಚು ಸರಿಯಾಗಿತ್ತು, ಕೆಂಪು ದೀಪ ಉರಿಯುತ್ತಿತ್ತು. ಎರಡನೆಯದು, ಹಿಂಬದಿಯ ಹಸಿರು ತೂತಿನಲ್ಲಿ ಹಸಿರು ಪಿನ್ನು ಇದೆಯೇ ನೋಡಬೇಕು. ಗಡಿಯಾರದವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮೇಜಿನ ಕೆಳಗೆ ಹೋದರು. ಪಿನ್ನು ಇತ್ತು. ಅದನ್ನು ಹೊರಗೆಳೆದು, ಸ್ಪಿರಿಟ್ ಹಚ್ಚಿ, ಮೆತ್ತನೆಯ ಚರ್ಮದಲ್ಲಿ ಉಜ್ಜಿ, ಊದಿ, ಮತ್ತೆ ಸೇರಿಸಿದರು. ಕಾಲು ಗಂಟೆ ಹಿಡಿಯಿತು.

“ಭಾವ, ಅದು ಪಿನ್ನು. ಕೈಗಡಿಯಾರ ಅಲ್ಲ.”

“ಕೊಳೆ ಕೊಳೆಯೇ.”

ಮೂರನೆಯದಕ್ಕೆ ಆಕೆ ಬರೆದಿದ್ದಳು: ‘ಸೆಟ್ಟಿಂಗ್ಸ್‌ನಲ್ಲಿ ಶಬ್ದ ಸ್ಪೀಕರಿಗೆ ಹೋಗುತ್ತಿದೆಯೋ ಪರದೆಗೆ ಹೋಗುತ್ತಿದೆಯೋ ನೋಡಿ. ಈ ಪರದೆಗೆ ಬಾಯಿ ಇಲ್ಲ. ಆದರೂ ಲಿನಕ್ಸಿಗೆ ಆಗಾಗ ಅದರ ಮೇಲೇ ಮೋಹ.’ ಮೋಹ ಬಂದಿರಲಿಲ್ಲ. ಸ್ಪೀಕರಿಗೇ ಹೋಗುತ್ತಿತ್ತು. ಅದನ್ನು ನೋಡುವಾಗ ಪರದೆಯ ಕೆಳಮೂಲೆಗೆ ಅಂಟಿಸಿದ್ದ ಒಂದು ಕಾಗದದ ಚೀಟಿ ನಾದಿನಿಯ ಕೈಗೆ ತಗಲಿತು.

“ಇದ್ಯಾಕೆ ಇಲ್ಲಿ?”

“ಅದು ಇರಲಿ. ಮುಂದೆ ಓದು.”

ನಾಲ್ಕನೆಯದು ಟರ್ಮಿನಲ್ ಎಂಬ ಕಪ್ಪು ಕಿಟಕಿ. ಅದರಲ್ಲಿ ‘ಆಲ್ಸಾಮಿಕ್ಸರ್’ ಎಂದು ಬರೆದರೆ ಸಾಲಾಗಿ ಕಂಬಗಳು ನಿಲ್ಲುತ್ತವೆ. ಕಂಬದ ಬುಡದಲ್ಲಿ ಎರಡು ಸೊನ್ನೆ ಇದ್ದರೆ ಬಾಯಿ ತೆರೆದಿದೆ, ಎರಡು ಎಮ್ ಇದ್ದರೆ ಮುಚ್ಚಿದೆ. ನಾದಿನಿ ಬರೆದಳು. ಕಂಬಗಳು ನಿಂತವು. ಮೊದಲನೆಯ ಕಂಬದ ಬುಡದಲ್ಲಿ ಎರಡು ಎಮ್.

“ಸಿಕ್ಕಿತು ಕಳ್ಳ!” ಎಂದು ಅವಳು ಎಮ್ ಕೀ ಒತ್ತಿದಳು. ಸ್ಪೀಕರು ‘ಟಪ್’ ಎಂದಿತು. ಎಮ್ ಹೋಗಿ ಸೊನ್ನೆ ಬಂತು. ಪ್ರಾರ್ಥನೆ ಶುರು ಮಾಡಿದಳು.

‘ಕಣ್ಣು ತೆರೆಸಿದವನು ನೀನು’ ಎಂದಿತು ಆಕೆಯ ದನಿ.

ಗಡಿಯಾರದವರು ಉತ್ತರ ಹೇಳುವುದನ್ನು ಮರೆತು ನಿಂತುಬಿಟ್ಟರು. ಆಮೇಲೆ ನೆನಪಾಗಿ ಹೇಳಿ, ಎಂಟರ್ ಒತ್ತಿ, ಎರಡನೆಯದನ್ನೂ ಹೇಳಿದರು. ಮೂರನೆಯ ಸಾಲು ‘ಮಾತು ಕೊಟ್ಟ’ ಎಂಬಲ್ಲಿಗೆ ಬಂದು ನಿಂತುಹೋಯಿತು. ಕಂಬದ ಬುಡದಲ್ಲಿ ಮತ್ತೆ ಎರಡು ಎಮ್.

ನಾದಿನಿ ತೆರೆದಳು, ಅದು ಮುಚ್ಚಿಕೊಂಡಿತು. ಮತ್ತೆ ತೆರೆದಳು, ಮತ್ತೆ ಮುಚ್ಚಿಕೊಂಡಿತು. ಒಮ್ಮೆ ಮೂರು ಸಾಲು, ಒಮ್ಮೆ ಅರ್ಧ ಸಾಲು. ಆರಿಸಿ ಹಚ್ಚಿದರು. ಅವಳ ಮನೆಯ ಸ್ಪೀಕರು ತಂದು ಹಾಕಿದರು. ಏನೂ ಬದಲಾಗಲಿಲ್ಲ. ಕೊನೆಗೆ ದನಿಯನ್ನೆಲ್ಲ ತನ್ನ ಮೊಬೈಲಿಗೆ ಹಾಕಿಕೊಂಡು ಅವರ ಮುಂದೆ ಹಿಡಿದಳು. ಮೊಬೈಲಿಗೆ ಕಾಯುವುದು ಗೊತ್ತಿರಲಿಲ್ಲ. ಇಪ್ಪತ್ತೊಂದು ಸಾಲನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿತು. ಗಡಿಯಾರದವರು ಎರಡಕ್ಕೆ ಉತ್ತರ ಕೊಡುವಷ್ಟರಲ್ಲಿ ಅದು ಹತ್ತರಲ್ಲಿತ್ತು.

“ಇದು ಪ್ರಾರ್ಥನೆಯಲ್ಲ ಪುಟ್ಟಿ,” ಎಂದರು, “ಹಾಜರಿ ಕೂಗಿದ ಹಾಗಾಯ್ತು.”

ಬುಧವಾರ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದರು. ನಡುವಯಸ್ಸಿನ ಮನುಷ್ಯ, ಜೇಬಿನ ತುಂಬ ಪೆನ್ನು. ಕೂರುವ ಮೊದಲೇ ಪರದೆ ನೋಡಿ, “ಲಿನಕ್ಸಾ?” ಎಂದ, ಚಪ್ಪಲಿಗೆ ಏನೋ ಮೆತ್ತಿಕೊಂಡಿರುವುದನ್ನು ಕಂಡವನಂತೆ. ಅಲ್ಲಿ ಒತ್ತಿದ, ಇಲ್ಲಿ ಒತ್ತಿದ, ಪೆಟ್ಟಿಗೆಗೆ ಎರಡು ಸಲ ತಟ್ಟಿದ.

“ಬೋರ್ಡೇ ಹೋಗಿರಬಹುದು ಯಜಮಾನ್ರೇ. ಮೊದಲು ಎಲ್ಲಾ ಅಳಿಸಿ, ಬೇರೆ ಸಿಸ್ಟಮ್ ಹೊಸದಾಗಿ ಹಾಕಿ ನೋಡೋಣ.”

“ಒಳಗೆ ಇರೋದು?”

“ಹಾಡು, ಫೋಟೋ ಎಲ್ಲಾ ತೆಗೆದು ಕೊಡ್ತೀನಿ. ಒಂದೂ ಹೋಗಲ್ಲ.”

“ಕಾಯೋದು?”

“ಏನು ಕಾಯೋದು?”

“ಒಂದು ಸಾಲು ಹೇಳಿ ನಿಲ್ಲುತ್ತೆ. ನಾನು ಒತ್ತೋವರೆಗೂ ಕಾಯುತ್ತೆ. ಅದು ಬರುತ್ತಾ?”

ಅಂಗಡಿಯವನು ಪರದೆಯನ್ನು ಇನ್ನೊಮ್ಮೆ ನೋಡಿದ. “ಅದು ಯಾರೋ ಮನೇಲಿ ಬರೆದುಕೊಂಡಿರೋದು. ಅದು ಇದರ ಜೊತೆಗೇ ಹೋಗುತ್ತೆ.”

“ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೇನಪ್ಪಾ?” ಎಂದಳು ನಾದಿನಿ.

“ನೆಗಡಿ ಹೋಗುತ್ತಲ್ಲಮ್ಮಾ,” ಎಂದ ಅವನು. ಪೆಟ್ಟಿಗೆ ಹಳೆಯದು, ತಡಮಾಡಿದರೆ ಒಳಗಿನ ಡಿಸ್ಕೂ ಕೈಕೊಡಬಹುದು, ಆಗ ದನಿಯೂ ಇಲ್ಲ ಎಂದು ಸೇರಿಸಿದ. ಶುಕ್ರವಾರ ಹತ್ತು ಗಂಟೆಗೆ ಬರುವುದಾಗಿ ಹೇಳಿ ಹೋದ. ಗಡಿಯಾರದವರು ಆಗಲಿ ಎಂದರು. ದನಿಯಾದರೂ ಉಳಿಯಲಿ ಎಂಬುದು ಅವರ ಲೆಕ್ಕ. ಆದರೆ ಆಗಲಿ ಎಂದ ಮೇಲೆ ಮಧ್ಯಾಹ್ನ ಊಟ ಸೇರಲಿಲ್ಲ. ಕಾಯದ ಹೆಂಡತಿಯ ಜೊತೆ ದೇವರ ಮುಂದೆ ಕೂರುವುದು ಹೇಗೆ ಎಂಬುದು ಅವರಿಗೆ ತಿಳಿಯಲಿಲ್ಲ. ಕೂರದೆ ಇರುವುದು ಹೇಗೆ ಎಂಬುದೂ ತಿಳಿಯಲಿಲ್ಲ. ಮೂರು ದಿನದಿಂದ ದೇವರಿಗೆ ಹೇಳಬೇಕಾದದ್ದು ಹೇಳದೆಯೇ ಉಳಿದಿತ್ತು.

ಆ ಸಂಜೆ ಒಬ್ಬರು ಒಂದು ಟೈಂಪೀಸ್ ತಂದರು. ಆಗಾಗ ನಿಲ್ಲುತ್ತದೆ, ಮನೆಯಲ್ಲೇ ಬಿಚ್ಚಿ ನೋಡಿದೆ, ಎಣ್ಣೆ ಬಿಟ್ಟೆ, ಕುಲುಕಿದೆ ಎಂದರು. ಗಡಿಯಾರದವರು ಬೈದರು. ಅವರಿಗೆ ಕೆಲಸ ಕಲಿಸಿದ ಗುರುಗಳ ಮಾತೊಂದಿತ್ತು: ಕೆಟ್ಟ ಗಡಿಯಾರವನ್ನು ಮೊದಲ ದಿನವೇ ಬಿಚ್ಚಬೇಡ, ಪಕ್ಕದಲ್ಲಿ ಸರಿಯಾದದ್ದೊಂದನ್ನು ಇಟ್ಟು, ಇದು ಯಾವಾಗ ನಿಲ್ಲುತ್ತದೆ ಎಂದು ಬರೆದುಕೋ, ನಿಲ್ಲುವುದಕ್ಕೂ ಒಂದು ಹೊತ್ತು ಇರುತ್ತದೆ. ಈ ಮಾತನ್ನು ಅವರು ನಲವತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತ ಬಂದಿದ್ದರು. ಅಂದೂ ಹೇಳಿದರು. ಹೇಳಿ ಮುಗಿಸಿದವರು ಕಂಪ್ಯೂಟರಿದ್ದ ಒಳಕೋಣೆಯ ಕಡೆ ತಿರುಗಿ ನೋಡಿದರು. ಗಿರಾಕಿ ಹೋದ ಮೇಲೆ ಒಳಗೆ ಬಂದು ನಾದಿನಿಗೆ ಫೋನ್ ಮಾಡಿ, “ನಾಳೆ ಹತ್ತು ಗಂಟೆಗೆ ಬಾ. ಏನೂ ರಿಪೇರಿ ಮಾಡೋದು ಬೇಡ. ಸುಮ್ಮನೆ ನೋಡೋಣ,” ಎಂದರು.

ಕಂಪ್ಯೂಟರಿನ ಎದುರು ಗೋಡೆಯ ಮೇಲೆ ಲೋಲಕದ ಗಡಿಯಾರವೊಂದಿತ್ತು. ಅದಕ್ಕೆ ಮನೆಯಲ್ಲಿ ದೊಡ್ಡಣ್ಣ ಎಂದು ಹೆಸರು. ವಾರಕ್ಕೊಮ್ಮೆ ರೇಡಿಯೋದ ಸಮಯಕ್ಕೆ ಅದನ್ನು ಹೋಲಿಸುತ್ತಿದ್ದರು; ವ್ಯತ್ಯಾಸ ಬಂದರೆ ರೇಡಿಯೋದವರದೇ ತಪ್ಪಿರಬೇಕು ಎಂಬ ಮುಖ ಮಾಡುತ್ತಿದ್ದರು. ಗುರುವಾರ ಹತ್ತು ಗಂಟೆಗೆ ಅವರು ಪೆನ್ಸಿಲು ಹಿಡಿದು ದೊಡ್ಡಣ್ಣನ ಕಡೆ ಮುಖ ಮಾಡಿ ಕೂತರು. ನಾದಿನಿ ಬಾಯಿ ತೆರೆಸುವುದು, ಪ್ರಾರ್ಥನೆ ಹಚ್ಚುವುದು. ದನಿ ನಿಂತ ಗಳಿಗೆಯಲ್ಲಿ ಸೆಕೆಂಡಿನ ಮುಳ್ಳು ಎಲ್ಲಿತ್ತೆಂದು ಇವರು ಬರೆದುಕೊಳ್ಳುವುದು.

ಮೊದಲ ಸಲ ಮೂರು ಸಾಲು ಬಂದವು. ನಿಂತಾಗ ಮುಳ್ಳು ಹದಿನೇಳರಲ್ಲಿತ್ತು. ಎರಡನೆಯ ಸಲ ಎರಡೇ ಸಾಲು. ಹದಿನೇಳು. ಮೂರನೆಯ ಸಲ ನಾದಿನಿ ಬೇಕೆಂದೇ ತಡಮಾಡಿ ಒತ್ತಿದಳು, ಒಂದೇ ಸಾಲು ಬಂತು. ಹದಿನೇಳು.

“ಇನ್ನೊಂದು ಸಲ,” ಎಂದರು. ಮುಳ್ಳು ಹದಿನೈದಕ್ಕೆ ಬಂದಾಗ ಕೈ ಎತ್ತಿ, “ಈಗ ಒತ್ತು!”

‘ಕಣ್ಣು’ ಎಂದಿತು ಆಕೆಯ ದನಿ. ಅಷ್ಟೇ. ಹದಿನೇಳು.

ಆರು ಸಲ ನೋಡಿದರು. ಕಾಗದದ ಮೇಲೆ ಒಂದರ ಕೆಳಗೊಂದು ಆರು ಹದಿನೇಳು.

“ಪುಟ್ಟೀ, ಬೋರ್ಡು ಕೆಟ್ಟರೆ ಹೊತ್ತು ನೋಡಿಕೊಂಡು ಕೆಡುತ್ತಾ?”

“ನನ್ನ ಸರ್ವಿಸ್‌ನಲ್ಲಿ ಕಂಡಿಲ್ಲ.”

“ಹಾಗಾದ್ರೆ ಇದು ಕೆಟ್ಟಿಲ್ಲ. ಒಳಗೆ ಯಾರೋ ನಿಮಿಷಕ್ಕೊಂದು ಸಲ ಎದ್ದು ಬಂದು ಬಾಯಿ ಮುಚ್ಚಿಸಿ ಹೋಗ್ತಿದ್ದಾರೆ. ನಿಮಿಷ ತುಂಬಿದಾಗ ಬರ್ತಾರೆ. ಆದರೆ ಅವರ ನಿಮಿಷ ದೊಡ್ಡಣ್ಣನದಲ್ಲ. ಹದಿನೇಳು ಸೆಕೆಂಡು ಹಿಂದೆ. ಇದರೊಳಗೆ ಬೇರೆ ಗಡಿಯಾರ ಇದೆ.”

“ಇರದೇ ಏನು? ಎಲ್ಲಾ ಕಂಪ್ಯೂಟರಲ್ಲೂ ಇರುತ್ತೆ. ಪರದೆ ಮೂಲೆಯಲ್ಲೇ ಕಾಣುತ್ತೆ ಭಾವ, ಇಲ್ಲೇ...” ಎಂದು ಬೆರಳು ತೋರಿಸಿದ ಜಾಗದಲ್ಲಿ ಚೀಟಿ ಇತ್ತು.

ಇಬ್ಬರೂ ಆ ಚೀಟಿಯನ್ನು ನೋಡಿದರು. ಗಿರಾಕಿಗಳ ಗಡಿಯಾರಕ್ಕೆ ಅಂಟಿಸುವ ಚೀಟಿ. ಮೂರು ವರ್ಷದ ಹಿಂದೆ ಕಂಪ್ಯೂಟರು ಮನೆಗೆ ಬಂದ ದಿನ, ಅದರ ಮೂಲೆಯ ಗಡಿಯಾರ ದೊಡ್ಡಣ್ಣನಿಗಿಂತ ಎರಡು ನಿಮಿಷ ಮುಂದಿತ್ತು. ಒಂದು ಮನೆಯಲ್ಲಿ ಎರಡು ಹೊತ್ತು ಇರಕೂಡದು ಎಂದು ಗಡಿಯಾರದವರು ಅಂದರು. ಸರಿಮಾಡಿಕೊಡುತ್ತೇನೆ ಎಂದು ಆಕೆ ಹೇಳಿದಳು. ಹೇಳಿಸಿಕೊಂಡು ಸರಿಹೋಗುವುದು ಗಡಿಯಾರವೇ ಅಲ್ಲ ಎಂದು ಇವರು ಚೀಟಿ ಅಂಟಿಸಿಬಿಟ್ಟರು. ಆಕೆ ಸರಿಮಾಡಿದಳೋ ಇಲ್ಲವೋ, ಇವರು ಆಮೇಲೆ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಇಲ್ಲಿ ಕತ್ತಲೆಯನ್ನು ಗೋಂದು ಹಚ್ಚಿ ಕೂರಿಸಲಾಗಿತ್ತು.

ಗಡಿಯಾರದವರು ಉಗುರಿನಿಂದ ಚೀಟಿಯನ್ನು ಕಿತ್ತರು. ಗೋಡೆಯ ಮೇಲೆ ಗುರುವಾರ ಬೆಳಿಗ್ಗೆ ಹತ್ತು ಇಪ್ಪತ್ತು. ಪರದೆಯ ಮೇಲೆ ಹನ್ನೆರಡು ಐವತ್ತು, ಅದೂ ಕಳೆದ ವಾರದ ಬುಧವಾರ.

“ಅಯ್ಯೋ, ಇದಕ್ಕೆ ತಲೆ ಕೆಟ್ಟಿದೆ,” ಎಂದಳು ನಾದಿನಿ.

“ತಲೆ ಕೆಟ್ಟಿಲ್ಲ. ಸೆಲ್ ಹೋಗಿದೆ.” ಈ ಕಾಯಿಲೆ ಅವರಿಗೆ ಹೊಟ್ಟೆಪಾಡಿನದು. “ಕರೆಂಟು ಕೊಟ್ಟಾಗ ನಡೆಯುತ್ತೆ, ಆರಿಸಿದಾಗ ನಿಲ್ಲುತ್ತೆ. ಮಾರನೇ ದಿನ ನಿಂತಲ್ಲಿಂದಲೇ ಶುರು. ನಮ್ಮ ಒಂದು ದಿನ ಅದಕ್ಕೆ ಅರ್ಧ ಗಂಟೆ. ಕಳೆದ ಬುಧವಾರ ಏಳು ಗಂಟೆಗೆ ನಾನು ಆರಿಸಿದಾಗಿನಿಂದ ಪಾಪ ಅದು ಬುಧವಾರದಲ್ಲೇ ಇದೆ. ಭಾನುವಾರದ ಹೊತ್ತಿಗೆ ಅದಕ್ಕೆ ಒಂಬತ್ತು ಗಂಟೆ ಆಗಿದೆ.”

“ಒಂಬತ್ತಾದ್ರೆ ಬಾಯಿ ಯಾಕೆ ಮುಚ್ಚಬೇಕು?”

ಅದು ಅವರಿಗೂ ತಿಳಿಯಲಿಲ್ಲ. ನಾದಿನಿ ನೋಟ್‌ಬುಕ್ಕಿನ ಹಾಳೆ ತಿರುವಿದಳು. ಕೊನೆಗೆ ಒಂದು ಪುಟ ಸಿಕ್ಕಿತು: ‘ಹೊತ್ತಿಗೆ ಸರಿಯಾಗಿ ತಾವೇ ನಡೆಯುವ ಕೆಲಸಗಳು. ನೋಡಬೇಕಾದರೆ ಕ್ರಾನ್‌ಟ್ಯಾಬ್.’ ಅಲ್ಲಿ ಬರೆದಂತೆಯೇ ಕಪ್ಪು ಕಿಟಕಿಯಲ್ಲಿ ಬರೆದಳು. ಅಂಕಿಗಳ ಎರಡು ಸಾಲು ಮೂಡಿದವು. ಅವುಗಳ ಮೇಲೆ ಕನ್ನಡದಲ್ಲಿ ಆಕೆಯ ಟಿಪ್ಪಣಿ ಇತ್ತು. ನಾದಿನಿ ತನ್ನ ಎಂದಿನ ದನಿಯಲ್ಲಿ ಓದತೊಡಗಿದಳು.

“ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನಿಮಿಷಕ್ಕೊಮ್ಮೆ ಬಾಯಿ ಮುಚ್ಚಿಸು. ನಾಲ್ಕಕ್ಕೆ ತೆರೆ. ಪಕ್ಕದ ಮನೆ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ. ಮಧ್ಯಾಹ್ನ ಪುಟ್ಟಿ ಬಂದು ಕಂಪ್ಯೂಟರಿನಲ್ಲಿ ನಾಟಕ ಹಾಕಿದರೆ...” ಅವಳ ದನಿ ಇಳಿಯಿತು. ಇಷ್ಟು ವರ್ಷದಲ್ಲಿ ಅದು ಅಷ್ಟು ಇಳಿದದ್ದನ್ನು ಗಡಿಯಾರದವರು ಕೇಳಿರಲಿಲ್ಲ. “...ನಾಟಕ ಹಾಕಿದರೆ ಗೋಡೆ ನಡುಗುತ್ತದೆ. ಅವಳಿಗೆ ಹೇಳಬಾರದು. ಕಿವಿಯ ವಿಷಯ, ನೊಂದುಕೊಳ್ಳುತ್ತಾಳೆ. ನರ್ಸಮ್ಮನಿಗೆ ಮಾತು ಕೊಟ್ಟಿದ್ದೇನೆ.”



“ಸ್ಪೀಕರು ಬಿಸಿಯಾಗಿದೆ, ನಾಲ್ಕು ಗಂಟೆವರೆಗೂ ಆರಲಿ ಅಂತಿದ್ದಳು,” ಎಂದಳು ನಾದಿನಿ. “ಎರಡು ವರ್ಷ. ನಾನು ಬೀಸಣಿಗೆ ತಗೊಂಡು ಅದಕ್ಕೆ ಗಾಳಿ ಬೀಸಿದ್ದೀನಿ ಭಾವ.”

“ನೋಡಿದ್ದೀನಿ.”

“ನೋಡಿ ಸುಮ್ನಿದ್ರಾ?”

“ನಿನಗೇ ಸೆಕೆ ಅಂದ್ಕೊಂಡೆ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಸುಳ್ಳಿ,” ಎಂದಳು ಪರದೆಯ ಕಡೆ ನೋಡಿ. “ಬಾಯಿ ಬಿಟ್ಟು ಹೇಳಿದ್ರೆ ನಾನೇನು ನುಂಗಿಬಿಡ್ತಿದ್ದೆನಾ?” ಆಮೇಲೆ ತಾನೇ ಉತ್ತರ ಕೊಟ್ಟಳು: “ಒಂದು ತಿಂಗಳು ಈ ಮನೆ ಮೆಟ್ಟಿಲು ಹತ್ತುತ್ತಿರಲಿಲ್ಲ.”

ಗಡಿಯಾರದವರು ಕರೆಂಟು ತೆಗೆದು, ಪೆಟ್ಟಿಗೆಯನ್ನು ಅಂಗಡಿಯ ಮೇಜಿಗೆ ಒಯ್ದು ಬಿಚ್ಚಿದರು. ಧೂಳಿನ ನಡುವೆ ನಾಣ್ಯದಷ್ಟಗಲದ ಸೆಲ್ ಒಂದು ಹೊಳೆಯುತ್ತಿತ್ತು. ಅಂಥವು ಅವರ ಬಲಗಡೆಯ ಎರಡನೆಯ ಡ್ರಾಯರಿನಲ್ಲಿ ನಲವತ್ತಿದ್ದವು. ಡಿಜಿಟಲ್ ಟೈಂಪೀಸುಗಳಿಗೆ ವಾರಕ್ಕೆ ಹತ್ತು ಹಾಕುತ್ತಿದ್ದರು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಲು ಒಂದು ನಿಮಿಷ ಸಾಕಾಯಿತು. ಆಮೇಲೆ ನಾದಿನಿ ಹೊತ್ತು ಬರೆದು ಬೆರಳನ್ನು ಎತ್ತಿ ಹಿಡಿದಳು, ಇವರು ದೊಡ್ಡಣ್ಣನನ್ನು ನೋಡುತ್ತ, “ಐದು, ನಾಲ್ಕು, ಮೂರು, ಎರಡು, ಈಗ!” ಎಂದರು. ಎರಡು ಗಡಿಯಾರಗಳೂ ಒಟ್ಟಿಗೆ ಹನ್ನೊಂದು ಗಂಟೆ ತೋರಿಸಿದವು.

ಪ್ರಾರ್ಥನೆ ಹಚ್ಚಿದರು. ದನಿ ಬರಲಿಲ್ಲ.

“ಈಗ ನಿಜವಾಗಿಯೂ ಬಾಯಿ ಮುಚ್ಚೋ ಹೊತ್ತು,” ಎಂದರು ಗಡಿಯಾರದವರು.

“ಆ ಸಾಲು ಅಳಿಸಿದ್ರೆ ಈಗಲೇ ಕೇಳಬಹುದು. ಅಳಿಸಲಾ?”

“ಮಾತು ಕೊಟ್ಟಿದ್ದಾಳೆ ಪುಟ್ಟಿ.”

“ಕೊಟ್ಟವಳೇ ಇಲ್ಲ ಭಾವ.”

“ಇಸ್ಕೊಂಡವರು ಇದ್ದಾರಲ್ಲ. ಅವರನ್ನೇ ಕೇಳೋಣ.”

ಗುರುವಾರ ನರ್ಸಮ್ಮನಿಗೆ ರಜೆ. ಹಿತ್ತಲಲ್ಲಿ ಬಿಳಿ ಸೀರೆ ಹಿಂಡಿ ಹರವುತ್ತಿದ್ದರು. ಇವರನ್ನು ಕಂಡದ್ದೇ, “ಊರಿಗೆ ಹೋಗಿದ್ರಾ ಯಜಮಾನ್ರೇ?” ಎಂದರು.

“ಇಲ್ಲವಲ್ಲ. ಯಾಕಮ್ಮಾ?”

“ಸೋಮವಾರದಿಂದ ಪ್ರಾರ್ಥನೆ ಕೇಳಿಸ್ತಿಲ್ಲ. ಈಗ ಮೂರು ತಿಂಗಳಿಂದ ನಂಗೆ ಹಗಲು ಪಾಳಿ. ನಿಮ್ಮದು ಮುಗಿದ ಕೂಡ್ಲೇ ಬೀಗ ಹಾಕಿ ಹೊರಟ್ರೆ ಬಸ್ಸು ಸಿಗುತ್ತೆ. ಮೂರು ದಿನದಿಂದ ಲೇಟು. ನಿನ್ನೆ ಮೇಟ್ರನ್ ಹತ್ರ ಬೈಸಿಕೊಂಡೆ.”

ತಮ್ಮ ಮನೆಯ ಪ್ರಾರ್ಥನೆ ಗೋಡೆಯ ಆಚೆ ಗಡಿಯಾರವಾಗಿದ್ದುದು ಅವರಿಗೆ ತಿಳಿದಿರಲಿಲ್ಲ. ಅದು ಹೊತ್ತಿಗೆ ಸರಿಯಾಗಿ ನಡೆದಿತ್ತೆಂಬುದು ಮನಸ್ಸಿಗೆ ಸ್ವಲ್ಪ ಹಿತವೂ ಆಯಿತು.

“ನಾಳೆಯಿಂದ ಕೇಳಿಸುತ್ತೆ,” ಎಂದರು. “ರಾತ್ರಿ ಪಾಳಿ ಮತ್ತೆ ಬರುತ್ತಾ?”

“ಬರದೇ ಬಿಡುತ್ತಾ? ಮುಂದಿನ ತಿಂಗಳಿಂದಲೇ.”

ಗಡಿಯಾರದವರು ನಾದಿನಿಯ ಕಡೆ ನೋಡಿದರು. “ಸರಿ, ಬಿಡಿ,” ಎಂದಳು ಅವಳು. “ನಾನು ನಾಟಕಕ್ಕೆ ನಾಲ್ಕು ಗಂಟೆ ಮೇಲೇ ಬರ್ತೀನಿ.”

ಆ ಸಾಲು ಉಳಿಯಿತು. ಆದರೂ ನಾದಿನಿ ಮನೆಗೆ ಹೋಗಲಿಲ್ಲ. ನಾಲ್ಕಾಗುವವರೆಗೆ ಸ್ಪೀಕರಿನ ಎದುರು ಕೂತೇ ಇದ್ದಳು. ದೊಡ್ಡಣ್ಣ ನಾಲ್ಕು ಬಡಿದು ಮುಗಿಸುವ ಮೊದಲೇ ಸ್ಪೀಕರು ‘ಟಪ್’ ಎಂದಿತು. ಅವಳು ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿ, ಬರಬೇಡ, ಸೆಲ್ ಹೋಗಿತ್ತು ಎಂದಳು. ಅವನು, “ಅದನ್ನೇ ಹೇಳೋಣ ಅಂತಿದ್ದೆ,” ಎಂದ. ಒಂದು ಸಾಲು ಕೇಳಿಬಿಡೋಣವೇ ಎಂದು ಅವಳು ಭಾವನನ್ನು ಕೇಳಿದಳು. ಹೊತ್ತಲ್ಲದ ಹೊತ್ತಿನಲ್ಲಿ ಬೇಡ ಎಂದರು ಅವರು.

ಶುಕ್ರವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ನಾದಿನಿ ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು.

“ನಾನೂ ಇರ್ತೀನಿ ಭಾವ. ಬಾಯಿ ಬಿಡಲ್ಲ.”

ಗಡಿಯಾರದವರು ಕೈಕಾಲು ತೊಳೆದು, ಕನ್ನಡಕ ಒರೆಸಿಕೊಂಡು ಕೂತರು. ಆರೂವರೆಗೆ ಎಂಟರ್ ಒತ್ತಿದರು.

‘ಕಣ್ಣು ತೆರೆಸಿದವನು ನೀನು.’

“ಕಾಣಬೇಕಾದ್ದನ್ನು ಕಾಣಿಸು.”

‘ಕೈಗೆ ಕೆಲಸ ಕೊಟ್ಟವನು ನೀನು.’

“ಕೆಲಸ ಕೆಡದ ಹಾಗೆ ನೋಡಿಕೋ.”

‘ಮಾತು ಕೊಟ್ಟವನು ನೀನು.’

“ಆಡಿದ ಮಾತು ನಡೆಸಿಕೊಡು,” ಎಂದು, ದೊಡ್ಡಣ್ಣನ ಕಡೆ ಓರೆಗಣ್ಣಿನಿಂದ ನೋಡಿದರು. ಸೆಕೆಂಡಿನ ಮುಳ್ಳು ಹದಿನೇಳನ್ನು ದಾಟಿತು. ನಾಲ್ಕನೆಯ ಸಾಲು ಬಂತು. ಐದನೆಯದೂ ಬಂತು. ಆಮೇಲೆ ಅವರು ಗೋಡೆಯ ಕಡೆ ನೋಡಲಿಲ್ಲ. ನಾಲ್ಕು ದಿನ ಹೇಳದೆ ಉಳಿದಿದ್ದ ಸಾಲುಗಳು, ಕೊಡ ಬಗ್ಗಿಸಿದ ಹಾಗೆ, ಒಂದರ ಹಿಂದೊಂದು ಬಂದವು.

ಇಪ್ಪತ್ತೊಂದನೆಯದು ಬಂತು.

‘ಕೊಟ್ಟದ್ದನ್ನು ಕರೆದುಕೊಳ್ಳುವವನೂ ನೀನು.’

ಇದರ ಉತ್ತರವನ್ನು ಅವರು ಮೂವತ್ತೆಂಟು ವರ್ಷ ಹೇಳಿದ್ದರು, ಆಕೆ ಹೋದ ಮೇಲೂ ಎಂಟು ತಿಂಗಳು ಹೇಳಿದ್ದರು. ನಾಲಿಗೆಗೆ ಅಭ್ಯಾಸವಾಗಿತ್ತು, ಕಿವಿ ಕೇಳಿಸಿಕೊಂಡಿರಲಿಲ್ಲ. ನಾಲ್ಕು ದಿನದ ಮೌನದ ಮೇಲೆ ಇಂದು ಕಿವಿ ಕೇಳಿಸಿಕೊಂಡಿತು. ಅವರು ಬಾಯಿ ತೆರೆದರು, ಮುಚ್ಚಿದರು. ಪರದೆಯ ಮೇಲೆ ಪುಟ್ಟ ಗೆರೆಯೊಂದು ಮಿನುಗುತ್ತ ನಿಂತಿತ್ತು. ಒಂದು ನಿಮಿಷ ಹೋಯಿತು. ಇನ್ನೊಂದು ನಿಮಿಷ ಹೋಯಿತು. ಗೋಡೆಯ ಆಚೆ ಯಾರೋ ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ನಿಂತ ಸದ್ದು ಕೇಳಿಸಿತು. ಬೀಗದ ಸದ್ದು ಕೇಳಿಸಲಿಲ್ಲ.

ಬಾಯಿ ಬಿಡುವುದಿಲ್ಲ ಎಂದಿದ್ದ ನಾದಿನಿ ಪಿಸುಗುಟ್ಟಿದಳು. ಅವಳ ಪಿಸುಮಾತು ಬೀದಿಯವರೆಗೂ ಕೇಳಿಸುವಂಥದು.

“ಭಾವ, ಅಕ್ಕ ಕಾಯ್ತಾ ಇದ್ದಾಳೆ.”

“ಕೊಟ್ಟಷ್ಟು ದಿನಕ್ಕೆ ಶರಣು,” ಎಂದರು ಗಡಿಯಾರದವರು, ಮತ್ತು ಎಂಟರ್ ಒತ್ತಿದರು.

ಪಕ್ಕದ ಮನೆಗೆ ಬೀಗ ಬಿತ್ತು. ನರ್ಸಮ್ಮ ಬಸ್ಸಿಗೆ ಓಡುತ್ತಿರುವುದು ಕೇಳಿಸಿತು.